ಕಂಬರ್‌ಲೆಂಡ್ ಕೊಲ್ಲಿಯ ಜಮಾ-ಖರ್ಚು

ಬಿ.ಕಾಂ. ಹುಡುಗನಿಗೆ ಭೂಗೋಳದ ಉಸಾಬರಿ ಯಾಕೆ ಅಂತ ಕೇಳಬೇಡಿ. ಉದ್ದಿಮೆಯೊಂದು ಇಂಥಲ್ಲೇ ಯಾಕೆ ನೆಲೆಯೂರುತ್ತದೆ ಎಂಬ ಪಾಠ ನಮಗೂ ಇದೆ. ಕಚ್ಚಾಮಾಲು, ನೀರು, ಬಂದರು ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದಕ್ಕೆ ನನಗೆ ಸಿಕ್ಕ ಉದಾಹರಣೆ ದಕ್ಷಿಣ ಅಟ್ಲಾಂಟಿಕ್ ಸಾಗರದ ಸೌತ್ ಜಾರ್ಜಿಯಾ ದ್ವೀಪದಲ್ಲಿದೆ.

ನಕಾಶೆ ತೆಗೆದು ನೋಡಿ. ದಕ್ಷಿಣ ಅಮೆರಿಕದ ತುದಿಯಿಂದ ಬಹುದೂರ ಪೂರ್ವಕ್ಕೆ, ಸುಮಾರು 54 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, 170 ಕಿ.ಮೀ. ಉದ್ದದ ಕಿರಿದಾದ ದ್ವೀಪ. ಅದರ ಬೆನ್ನೆಲುಬು ಹಿಮಪರ್ವತಗಳ ಸಾಲು; ಪ್ಯಾಜೆಟ್ ಶಿಖರ 2,900 ಮೀಟರಿಗೂ ಎತ್ತರ. ಅಲ್ಲಿ ವರ್ಷವೆಲ್ಲ ಬೀಸುವುದು ಪಡುವಣ ಗಾಳಿ. ಹಾಗಾಗಿ ನೈಋತ್ಯ ದಂಡೆಗೆ ಪೆಟ್ಟು, ಈಶಾನ್ಯ ದಂಡೆಗೆ ಮರೆ. ಆ ಮರೆಯಲ್ಲಿ, ಹಿಮನದಿಗಳು ಕೊರೆದ ಆಳವಾದ ಕೊಲ್ಲಿಯೇ ಕಂಬರ್‌ಲೆಂಡ್. 1775ರಲ್ಲಿ ಕ್ಯಾಪ್ಟನ್ ಕುಕ್ ಇಟ್ಟ ಹೆಸರು.

ಕೊಲ್ಲಿಗೆ ಪೂರ್ವ, ಪಶ್ಚಿಮ ಎಂದು ಎರಡು ತೋಳು. ಪೂರ್ವ ತೋಳಿನ ತುದಿಯಲ್ಲಿ ನಾರ್ಡನ್‌ಶೆಲ್ಡ್ ಹಿಮನದಿ ನೇರ ಸಮುದ್ರಕ್ಕಿಳಿದು ಒಡೆಯುತ್ತದೆ. ಅದೇ ತೋಳಿನ ಪಡುವಣ ದಂಡೆಯಲ್ಲಿ ಪುಟ್ಟ ಒಳಕೊಲ್ಲಿ. ಅದರ ಬಾಯಿಗೆ ಅರ್ಧ ಮುಚ್ಚಿದ ಬಾಗಿಲಿನ ಹಾಗೆ ಒಂದು ಭೂಚಾಚು. ಒಳಗೆ ಸಮತಟ್ಟು ನೆಲ, ಹಿಂದೆ ಸಿಹಿನೀರಿನ ಕೆರೆ. ಅದೇ ಗ್ರಿತ್ವಿಕೆನ್, ಅಂದರೆ ಹಂಡೆ ಕೊಲ್ಲಿ! ಹಿಂದಿನ ಸೀಲ್ ಬೇಟೆಗಾರರು ಕೊಬ್ಬು ಕರಗಿಸಿದ ಹಂಡೆಗಳು ಅಲ್ಲಿ ಬಿದ್ದಿದ್ದವಂತೆ.

1904ರ ನವೆಂಬರಿನಲ್ಲಿ ನಾರ್ವೆಯ ಲಾರ್ಸೆನ್ ಎಂಬಾತ ಇಲ್ಲಿ ತಿಮಿಂಗಿಲದೆಣ್ಣೆ ಕಾರ್ಖಾನೆ ಹೂಡಿದ. ಬಂಡವಾಳ ಬ್ಯೂನೋಸ್ ಐರಿಸ್‌ನದು. ದ್ವೀಪದ ಸುತ್ತಣ ತಣ್ಣೀರಿನಲ್ಲಿ ಕ್ರಿಲ್ ಎಂಬ ಸಿಗಡಿಯಂಥ ಜೀವಿ ಹೇರಳ. ಅದನ್ನು ತಿನ್ನಲು ತಿಮಿಂಗಿಲಗಳು ಕೊಲ್ಲಿಯೊಳಗೇ ಬರುತ್ತಿದ್ದವು. ಕಚ್ಚಾಮಾಲು ತಾನಾಗಿ ಈಜಿಕೊಂಡು ಗಿರಣಿಯ ಬಾಗಿಲಿಗೆ ಬಂದ ಹಾಗೆ. ಮೊದಮೊದಲು ಮೇಲಿನ ಕೊಬ್ಬನ್ನಷ್ಟೇ ಸುಲಿದು ಉಳಿದ ದೇಹವನ್ನು ನೀರಿಗೇ ಬಿಡುತ್ತಿದ್ದರು. ಅಷ್ಟು ಸದರ.

ಇನ್ನು ಲೆಕ್ಕಕ್ಕೆ ಬರೋಣ. ಹಂಪ್‌ಬ್ಯಾಕ್ ತಾಯಿ ಹೆರುವುದು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಒಂದೇ ಮರಿ. ಆದರೆ 1904ರಿಂದ 1965ರೊಳಗೆ ಈ ದ್ವೀಪದ ಕಾರ್ಖಾನೆಗಳೆಲ್ಲ ಸೇರಿ ಕೊಯ್ದ ತಿಮಿಂಗಿಲಗಳು 1,75,000. ಮೊದಲು ಹಂಪ್‌ಬ್ಯಾಕ್ ಮುಗಿಯುತ್ತ ಬಂತು, ಆಮೇಲೆ ನೀಲಿ, ಫಿನ್. ಮೂಲಧನದಿಂದ ಡಿವಿಡೆಂಡ್ ಹಂಚಬಾರದು ಅಂತ ನಮಗೆ ಕಲಿಸುತ್ತಾರಲ್ಲ, ಇಲ್ಲಿ ಅರವತ್ತು ವರ್ಷ ಹಂಚಿದ್ದು ಅದನ್ನೇ. ಕಂಪನಿಯ ಪುಸ್ತಕದಲ್ಲಿ ತಿಮಿಂಗಿಲ ಆಸ್ತಿಯೇ ಅಲ್ಲ, ಬರೀ ಬಂದ ಮಾಲು. ಮಾಲು ನಿಂತಿತು, 1960ರ ದಶಕದಲ್ಲಿ ಗ್ರಿತ್ವಿಕೆನ್ ಮುಚ್ಚಿತು. ಗಾಳಿಯ ಮರೆ, ಆಳದ ನೀರು, ಕೆರೆ ಎಲ್ಲ ಹಾಗೇ ಇದ್ದವು.

ಈಗ ಹಂಪ್‌ಬ್ಯಾಕ್‌ಗಳು ಮರಳಿವೆ. 2020ರ ಸಮೀಕ್ಷೆಯಲ್ಲಿ ದ್ವೀಪದ ಸುತ್ತ 50ಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಕಂಡವು. ಆದರೆ ಕೊಲ್ಲಿಯೇ ಬದಲಾಗುತ್ತಿದೆ. ಪಶ್ಚಿಮ ತೋಳಿನ ನಾಯ್ಮಾಯರ್ ಹಿಮನದಿ ಕರಗಿ ಕೆಲವು ಕಿ.ಮೀ. ಹಿಂದೆ ಸರಿದಿದೆ. ಹಳೆಯ ನಕಾಶೆಯಲ್ಲಿ ಬಿಳಿ ಇರುವಲ್ಲಿ ಈಗ ನೀಲಿ ಬಳಿಯಬೇಕು.