ಕೇಳುವವನನ್ನು ಹೊರಗೆ ಹಾಕಬೇಡಿರಿ

ಪಾಠದ ಭಾಗ: ಯೋಹಾನನ ಸುವಾರ್ತೆ 9ನೆಯ ಅಧ್ಯಾಯ.
ಜೊತೆಗೆ ಓದತಕ್ಕವು: ಯೋಬ 42:1–9; ಲೂಕ 1:5–38; ಅಪೊಸ್ತಲರ ಕೃತ್ಯಗಳು 17:10–12.



ನಮ್ಮ ಹಳ್ಳಿಯ ಸಭೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದು ನಾಲ್ಕಾರು ಜನರು ಮಾತ್ರ ಉಳಿದು ಕೂತಿರುವಾಗ, ಒಮ್ಮೊಮ್ಮೆ ಒಬ್ಬನು ಸಂಕೋಚದಿಂದ ಬಾಯಿ ತೆರೆಯುವದುಂಟು. "ದೇವರು ಒಬ್ಬನೇ ಎಂದು ಕಲಿಸಿದಿರಿ, ಹಾಗಾದರೆ ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಹೆಸರು ಯಾಕೆ?" ಎಂದು ಅವನು ಕೇಳುತ್ತಾನೆ. "ನಮ್ಮ ಅಜ್ಜನು ಯೇಸುವಿನ ಹೆಸರನ್ನೇ ಕೇಳದೆ ತೀರಿಹೋದನು, ಅವನ ಗತಿ ಏನು, ಉಪದೇಶಿಯವರೇ?" ಎಂದು ಮತ್ತೊಬ್ಬನು ಕೇಳುತ್ತಾನೆ. ಹಿಂದೆ ಗೋಡೆಗೆ ಒರಗಿ ಕೂತ ತಾಯಿಯೊಬ್ಬಳು, "ಮೂರು ರಾತ್ರಿ ಮೊಣಕಾಲೂರಿ ಬೇಡಿದೆನಲ್ಲಾ, ಮಗು ಯಾಕೆ ಉಳಿಯಲಿಲ್ಲ?" ಎಂದು ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ.

ಇಂಥವರಿಗೆ ಸಿಕ್ಕುವ ಉತ್ತರವೇನು? ಕೆಲವು ಕಡೆ ತಾಳ್ಮೆಯ ಉತ್ತರ ಸಿಕ್ಕುತ್ತದೆ. ಕೆಲವು ಕಡೆಯಾದರೋ, "ಇಂಥದ್ದನ್ನು ಕೇಳಬಾರದು, ಸುಮ್ಮನೆ ನಂಬು" ಎಂಬ ಗದರಿಕೆ. "ಸೈತಾನನು ನಿನ್ನ ನಾಲಿಗೆಯ ಮೇಲೆ ಕೂತಿದ್ದಾನೆ" ಎನ್ನುವವರೂ, "ಸಭೆಯ ಉಪ್ಪು ತಿಂದು ಸಭೆಗೇ ಎದುರು ಮಾತಾಡುತ್ತೀಯಾ?" ಎನ್ನುವವರೂ ಇದ್ದಾರೆ. ಗದರಿಸಲ್ಪಟ್ಟವನು ಮುಂದಿನ ಭಾನುವಾರ ಬಾಗಿಲ ಹತ್ತಿರ ಕೂಡುತ್ತಾನೆ. ಅದರ ಮುಂದಿನ ಭಾನುವಾರ ಬರುವದೇ ಇಲ್ಲ. ಅವನ ಪ್ರಶ್ನೆ ಸಾಯುವದಿಲ್ಲ, ಅವನ ನಂಬಿಕೆಯು ಸಾಯುತ್ತದೆ. ಹೀಗಿರುವದರಿಂದ, ಯಥಾರ್ಥಮನಸ್ಸಿನಿಂದ ಕೇಳುವವನನ್ನು ದೇವರ ವಾಕ್ಯವು ಹೇಗೆ ಕಾಣುತ್ತದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಪ್ರಶ್ನೆಗಳಿಂದ ತುಂಬಿದ ಅಧ್ಯಾಯ

ಯೋಹಾನ 9ನೆಯ ಅಧ್ಯಾಯವನ್ನು ಹುಟ್ಟುಕುರುಡನು ದೃಷ್ಟಿ ಹೊಂದಿದ ಅದ್ಭುತವೆಂದು ನಾವೆಲ್ಲರೂ ಬಲ್ಲೆವು. ಆದರೆ ಅದನ್ನು ನಿಧಾನವಾಗಿ ಓದಿರಿ. ಅದ್ಭುತವು ಏಳು ವಚನಗಳಲ್ಲಿ ಮುಗಿಯುತ್ತದೆ, ಉಳಿದದ್ದೆಲ್ಲಾ ಬಹುಮಟ್ಟಿಗೆ ಪ್ರಶ್ನೋತ್ತರವೇ.

ಮೊದಲು ಕೇಳಿದವರು ಶಿಷ್ಯರು. ಇವನು ಕುರುಡನಾಗಿ ಹುಟ್ಟುವದಕ್ಕೆ ಯಾರ ಪಾಪ ಕಾರಣ, ಇವನದೋ ತಂದೆತಾಯಿಗಳದೋ ಎಂದು ಕೇಳಿದರು. ಆ ಪ್ರಶ್ನೆಯಲ್ಲಿಯೇ ತಪ್ಪಿತ್ತು. ಕರ್ಮದ ಮಾತನ್ನು ಕೇಳುತ್ತಾ ಬೆಳೆದ ನಮಗೆ ಆ ತಪ್ಪು ಪರಿಚಿತವಾದದ್ದೇ. ಆದರೂ ಕರ್ತನು ಅವರನ್ನು ಬೈಯಲಿಲ್ಲ. ತಪ್ಪನ್ನು ತಿದ್ದಿ ಉತ್ತರ ಕೊಟ್ಟನು. ಪ್ರಶ್ನೆಯು ಸರಿಯಾಗಿಲ್ಲದಿದ್ದರೂ ಕೇಳಿದವನು ಉತ್ತರಕ್ಕೆ ಯೋಗ್ಯನೇ ಎಂಬದನ್ನು ಇಲ್ಲಿ ಕಲಿಯುತ್ತೇವೆ.

ಆಮೇಲೆ ಕೇಳಿದವರು ಫರಿಸಾಯರು. ನಿನಗೆ ಕಣ್ಣು ಹೇಗೆ ಬಂತೆಂದು ಅವರು ಆ ಮನುಷ್ಯನನ್ನು ಕೇಳಿದರು, ಅವನು ಹೇಳಿದನು. ಅವನ ತಂದೆತಾಯಿಗಳನ್ನು ಕರೆಸಿ ಕೇಳಿದರು. ಅವರು ಬಹಿಷ್ಕಾರಕ್ಕೆ ಹೆದರಿ, ಮಗನನ್ನೇ ಕೇಳಿರೆಂದು ಜಾರಿಕೊಂಡರು. ತಿರಿಗಿ ಅವನನ್ನೇ ಕರೆದು ಅದನ್ನೇ ಕೇಳಿದರು. ಇಷ್ಟು ಪ್ರಶ್ನೆಗಳನ್ನು ಕೇಳಿದರೂ ಅವರು ತಿಳಿಯಬೇಕೆಂದು ಕೇಳಲಿಲ್ಲ. ತೀರ್ಪನ್ನು ಮೊದಲೇ ಮಾಡಿಟ್ಟುಕೊಂಡು ಸಾಕ್ಷಿಗೋಸ್ಕರ ಹುಡುಕಿದರು.

ಕಡೆಗೆ ಆ ಬಡ ಭಿಕ್ಷುಕನೇ ಅವರಿಗೆ ಒಂದು ಪ್ರಶ್ನೆ ಹಾಕಿದನು. ಒಮ್ಮೆ ಹೇಳಿದ್ದನ್ನು ಮತ್ತೆ ಕೇಳಬೇಕೆನ್ನುವದು ಯಾಕೆ, ನಿಮಗೂ ಆತನ ಶಿಷ್ಯರಾಗುವ ಮನಸ್ಸುಂಟೋ ಎಂದನು. ಆಗ ಅವರ ಕೋಪ ಉರಿದೆದ್ದಿತು. ಪಾಪದಲ್ಲಿ ಹುಟ್ಟಿದ ನೀನು ನಮಗೆ ಬೋಧಿಸುತ್ತೀಯೋ ಎಂದು ಹೇಳಿ ಅವನನ್ನು ಹೊರಗೆ ಹಾಕಿದರು. ನೋಡಿರಿ, ಅವನ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ. ಆದಕಾರಣ ಅವನ ಹುಟ್ಟನ್ನು ಎತ್ತಿ ಆಡಿದರು.

2. ಹೊರಗೆ ಹಾಕಲ್ಪಟ್ಟವನನ್ನು ಕಂಡುಕೊಂಡ ಕರ್ತನು

ಹೊರಗೆ ಹಾಕುವದೆಂದರೇನೆಂದು ನಮಗೆ ಯಾರೂ ವಿವರಿಸಬೇಕಾದದ್ದಿಲ್ಲ. ನಮ್ಮ ಹಿರಿಯರಲ್ಲಿ ಅನೇಕರು ದೀಕ್ಷಾಸ್ನಾನ ಹೊಂದಿದ ದಿವಸವೇ ಕುಲದವರಿಂದ ದೂರವಾದರು. ಬಾವಿಯ ನೀರು ತಪ್ಪಿತು, ಮದುವೆಯ ಕರೆ ತಪ್ಪಿತು, ಸತ್ತವರಿಗೆ ಹೆಗಲು ಕೊಡುವವರೂ ಇಲ್ಲದೆ ಹೋದರು. ಆ ನೋವನ್ನು ಅನುಭವಿಸಿದವರ ಮಕ್ಕಳೇ ಪ್ರಶ್ನೆ ಕೇಳಿದವನ ಕಡೆಗೆ ಬೆನ್ನು ತಿರುಗಿಸಿದರೆ, ಅದು ಎಷ್ಟು ದುಃಖಕರವಾದ ಸಂಗತಿ!

35ನೆಯ ವಚನವನ್ನು ಗಮನಿಸಿರಿ. ಅವನನ್ನು ಹೊರಗೆ ಹಾಕಿದರೆಂಬದನ್ನು ಯೇಸು ಕೇಳಿ, ತಾನೇ ಅವನನ್ನು ಕಂಡುಕೊಂಡನು. ಕರ್ತನು ದೇವರ ಕುಮಾರನ ವಿಷಯವಾಗಿ ಮಾತಾಡಿದಾಗ ಅವನು ಒಡನೆ ಅಡ್ಡಬೀಳಲಿಲ್ಲ. ಆತನು ಯಾರು, ನಾನು ನಂಬುವ ಹಾಗೆ ಹೇಳು ಎಂದು ಇನ್ನೊಂದು ಪ್ರಶ್ನೆ ಕೇಳಿದನು. ಒಂದು ಪ್ರಶ್ನೆಗಾಗಿ ಸಭಾಮಂದಿರದಿಂದ ಹೊರಗಾದವನು ಮತ್ತೊಂದು ಪ್ರಶ್ನೆಯ ಮೂಲಕ ದೇವರ ರಾಜ್ಯದ ಒಳಗಾದನು. ಕರ್ತನು ಆ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟನು. ಆಮೇಲೆಯೇ ಅವನು ನಂಬಿ ಅಡ್ಡಬಿದ್ದನು. ಹಾಗಾದರೆ ಪ್ರಶ್ನೆಯು ನಂಬಿಕೆಗೆ ಯಾವಾಗಲೂ ಶತ್ರುವಲ್ಲ. ಅನೇಕರಿಗೆ ಅದು ನಂಬಿಕೆಯ ಮನೆಯ ಹೊಸ್ತಿಲು.

3. ನಮ್ಮ ದೇಶದ ಒಂದು ದೃಷ್ಟಾಂತ

ಇಂಥದ್ದು ಯೂದಾಯ ದೇಶದಲ್ಲಿ ಮಾತ್ರ ನಡೆಯಿತೆಂದು ನೆನಸಬೇಡಿರಿ. ಇಂದಿನ ಕರ್ನಾಟಕಕ್ಕೆ ಸೇರಿದ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅಡವಿಯಲ್ಲಿ 1858ರಲ್ಲಿ ಹುಟ್ಟಿದ ಪಂಡಿತೆ ರಮಾಬಾಯಿಯವರ ಚರಿತ್ರೆಯಲ್ಲಿಯೂ ಇದನ್ನು ಕಾಣುತ್ತೇವೆ. ಅವರ ತಂದೆ ಅನಂತಶಾಸ್ತ್ರಿಗಳು ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದವರು. ಅದಕ್ಕೋಸ್ಕರ ಸ್ವಜನರ ವಿರೋಧವನ್ನು ಸಹಿಸಿದವರು. 1870ರ ದಶಕದ ಬರಗಾಲದಲ್ಲಿ ತಂದೆತಾಯಿಗಳು ತೀರಿಹೋದರು. ಅಣ್ಣನೊಂದಿಗೆ ದೇಶವನ್ನೆಲ್ಲಾ ಕಾಲುನಡೆಯಿಂದ ಸಂಚರಿಸಿದ ರಮಾಬಾಯಿಯವರಿಗೆ 1878ರಲ್ಲಿ ಕಲ್ಕತ್ತೆಯ ಪಂಡಿತರು ಬಿರುದು ಕೊಟ್ಟು ಗೌರವಿಸಿದರು. ಮದುವೆಯಾಗಿ ಸ್ವಲ್ಪಕಾಲದಲ್ಲಿ ವಿಧವೆಯಾಗಿ, 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಆ ವರ್ಷವೇ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಇದ್ದುಕೊಂಡು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು.

ಶಾಸ್ತ್ರಗಳನ್ನು ವಿಚಾರಿಸದೆ ಒಪ್ಪಿಕೊಳ್ಳುವದು ಅವರ ಅಭ್ಯಾಸವಾಗಿರಲಿಲ್ಲ. ಆದಕಾರಣ ಸ್ನಾನ ಹೊಂದಿದ ಮೇಲೆಯೂ ಕೇಳಿದರು. ತ್ರಯೈಕತ್ವದ ಬೋಧನೆಯು ಶಾಸ್ತ್ರದಲ್ಲಿ ಎಲ್ಲಿದೆ? ಮನುಷ್ಯರು ಬರೆದ ವಿಶ್ವಾಸಪ್ರಮಾಣಗಳನ್ನು ದೇವರ ವಾಕ್ಯದಂತೆಯೇ ಅಂಗೀಕರಿಸಬೇಕೋ? ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳು ಯಾಕೆ, ನಮ್ಮ ಸಂಸ್ಕೃತಕ್ಕಿಂತ ಅದು ಹೆಚ್ಚು ಪವಿತ್ರವೋ? ಆಕೆಯ ಆತ್ಮಿಕ ತಾಯಿಯಂತಿದ್ದ ಜೆರಾಲ್ಡೀನ್ ಎಂಬ ಸಹೋದರಿಗೆ ಈ ಪ್ರಶ್ನೆಗಳು ಗರ್ವವಾಗಿಯೂ ಅವಿಧೇಯತೆಯಾಗಿಯೂ ತೋರಿದವು. ರಮಾಬಾಯಿಯವರು ಮಾಂಸ ತಿನ್ನದೆ ಇದ್ದದ್ದು ಸಹ ಹಳೆಯ ಜಾತಿಯ ಶೇಷವೆಂದು ಆಕ್ಷೇಪಣೆಗೆ ಗುರಿಯಾಯಿತು. ಒಂದು ಜನಾಂಗದ ಪುರೋಹಿತರ ನೊಗದಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದವಳು ಮತ್ತೊಂದು ಜನಾಂಗದ ಪುರೋಹಿತರ ನೊಗಕ್ಕೆ ಕೊರಳು ಕೊಡಲಾರಳು ಎಂಬ ಅಭಿಪ್ರಾಯದ ಪತ್ರವನ್ನು ರಮಾಬಾಯಿಯವರು 1885ರಲ್ಲಿ ಬರೆದರು.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಎಲ್ಲರೂ ಅವರ ಮೇಲೆ ಸಿಟ್ಟಾಗಲಿಲ್ಲ. ಚೆಲ್ಟನ್‌ಹ್ಯಾಮಿನ ಸ್ತ್ರೀವಿದ್ಯಾಶಾಲೆಯ ಮುಖ್ಯಸ್ಥೆಯಾದ ಡೊರೊಥಿಯ ಬೀಲ್ ಎಂಬವರು ಅವರ ಸಂದೇಹಗಳನ್ನು ಗೌರವದಿಂದ ಕೇಳಿ, ತಾಳ್ಮೆಯಿಂದ ಪತ್ರ ಬರೆದು ಚರ್ಚಿಸಿದರು. ಎರಡನೆಯದು, ರಮಾಬಾಯಿಯವರು ಎಷ್ಟು ಖಂಡಿತವಾಗಿ ವಾದಿಸಿದರೂ ಜೆರಾಲ್ಡೀನಮ್ಮನವರನ್ನು "ಆಜೀಬಾಯಿ" ಎಂದೇ, ಅಂದರೆ ಅಜ್ಜಿ ಎಂದೇ, ಪತ್ರಗಳಲ್ಲಿ ಕರೆಯುತ್ತಿದ್ದರು. ಮತಭೇದಕ್ಕಾಗಿ ಪ್ರೀತಿಯ ಸಂಬಂಧವನ್ನು ಕಡಿದುಕೊಳ್ಳಲಿಲ್ಲ. ಗದರಿಸಿದ ಆ ಸಹೋದರಿಯೇ ಪತ್ರಗಳನ್ನು ಜೋಪಾನವಾಗಿ ಕೂಡಿಸಿಟ್ಟದ್ದರಿಂದ ಅವು 1977ರಲ್ಲಿ ಪುಸ್ತಕವಾಗಿ ಅಚ್ಚಾದವು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ರಮಾಬಾಯಿಯವರು ಪ್ರಶ್ನೆಯನ್ನು ಬಾಯಲ್ಲಿ ಮಾತ್ರ ಇಟ್ಟುಕೊಳ್ಳದೆ ಅದರ ಹಿಂದೆ ಪ್ರಯಾಸಪಟ್ಟರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೋಸ್ಕರ ಶಾರದಾಸದನವನ್ನು ತೆರೆದರು. 1896–97ರ ಕ್ಷಾಮದಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕಾಪಾಡಿ, ಪುಣೆಯ ಹತ್ತಿರದ ಕೇಡಗಾವಿಯಲ್ಲಿ ಮುಕ್ತಿಸದನವನ್ನು ಬೆಳೆಸಿದರು. ಕ್ರೈಸ್ತಮತವನ್ನು ಮೊದಲು ಕಂಡೆ, ಕ್ರಿಸ್ತನನ್ನು ಅನಂತರ ಕಂಡೆ ಎಂಬ ಭಾವವನ್ನು ತಮ್ಮ ಸಾಕ್ಷಿಯಲ್ಲಿ ತಿಳಿಸಿದ್ದಾರೆ. ಶಾಸ್ತ್ರದಲ್ಲಿ ಎಲ್ಲಿದೆ ಎಂದು ಕೇಳಿದವರೇ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನೆಲ್ಲಾ ಭಾಷಾಂತರಿಸಿ, 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಆ ಪ್ರಶ್ನೆಗಳಿಗಾಗಿ ಅವರನ್ನು ಸಭೆಯು ಕಳಕೊಂಡಿದ್ದರೆ ಎಷ್ಟು ನಷ್ಟವಾಗುತ್ತಿತ್ತು!

4. ಕೋಪವು ಎಲ್ಲಿಂದ ಬರುತ್ತದೆ?

ಪ್ರಶ್ನೆಗೆ ಕೋಪಿಸಿಕೊಳ್ಳುವವರೆಲ್ಲರೂ ದುಷ್ಟರಲ್ಲ. ಬಹಳ ಸಾರಿ ಭಯವೇ ಕೋಪದ ವೇಷ ಹಾಕಿಕೊಂಡು ಬರುತ್ತದೆ. ಉತ್ತರ ಗೊತ್ತಿಲ್ಲವೆಂದರೆ ಮರ್ಯಾದೆ ಹೋದೀತೆಂಬ ಭಯ. ಒಬ್ಬನ ಸಂದೇಹ ಹತ್ತು ಜನರಿಗೆ ಅಂಟೀತೆಂಬ ಭಯ. ತನ್ನ ಹೃದಯದಲ್ಲಿ ಅಡಗಿಸಿಟ್ಟ ಅದೇ ಪ್ರಶ್ನೆ ಎದ್ದೀತೆಂಬ ಭಯ. ಆದರೆ ಸತ್ಯವು ಹಸಿ ಮಡಕೆಯಲ್ಲ, ತಟ್ಟಿದರೆ ಒಡೆದುಹೋಗುವದಕ್ಕೆ. ಬೆರೋಯದವರು ಪೌಲನ ಬೋಧನೆಯನ್ನು ಸಹ ದಿನದಿನವೂ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರು ನಿಂದೆಯನ್ನಲ್ಲ, ಹೊಗಳಿಕೆಯನ್ನು ಹೊಂದಿದರು.

ಯೋಬನ ಗ್ರಂಥವು ಇದಕ್ಕಿಂತಲೂ ಗಂಭೀರವಾದ ಮಾತನ್ನು ಹೇಳುತ್ತದೆ. ಯೋಬನು ದೇವರಿಗೆ ಕಠಿಣವಾದ ಪ್ರಶ್ನೆಗಳನ್ನು ಹಾಕಿದನು. ಅವನ ಮೂವರು ಸ್ನೇಹಿತರು ದೇವರ ಪಕ್ಷವನ್ನು ಹಿಡಿದು ಯೋಬನನ್ನೇ ಪಾಪಿಯೆಂದರು. ಕಡೆಯಲ್ಲಿ ದೇವರ ಕೋಪವು ಯಾರ ಮೇಲೆ ಉರಿಯಿತು? ಸ್ನೇಹಿತರ ಮೇಲೆ. ದೇವರು ಯೋಬನನ್ನು ಬಿರುಗಾಳಿಯೊಳಗಿಂದ ತಗ್ಗಿಸಿದ್ದು ನಿಜವೇ; ಆದರೂ ಆ ಸ್ನೇಹಿತರಿಗೋಸ್ಕರ ಬೇಡಿಕೊಳ್ಳುವ ಕೆಲಸವನ್ನು ಯೋಬನಿಗೇ ಒಪ್ಪಿಸಿದನು.

ಹಾಗಾದರೆ ಜಕರೀಯನು ಕೇಳಿದ್ದಕ್ಕೆ ಮೂಕನಾದನಲ್ಲಾ ಎಂದು ಯಾರಾದರೂ ಹೇಳಾರು. ಅವನೂ ಮರಿಯಳೂ ದೂತನಿಗೆ ಹೆಚ್ಚುಕಡಿಮೆ ಒಂದೇ ತರದ ಪ್ರಶ್ನೆ ಕೇಳಿದರು. ಆಕೆಗೆ ಉತ್ತರ ಸಿಕ್ಕಿತು, ಅವನಿಗೆ ಶಿಕ್ಷೆ ಸಿಕ್ಕಿತು. ಭೇದವು ಹೃದಯದಲ್ಲಿತ್ತು, ಮತ್ತು ಹೃದಯವನ್ನು ಬಲ್ಲವನು ದೇವರೊಬ್ಬನೇ. ಆ ತೀರ್ಪು ನಮ್ಮದಲ್ಲ. ಅದಲ್ಲದೆ ಜಕರೀಯನು ಸಹ ಯಾಜಕೋದ್ಯೋಗದಿಂದ ತಳ್ಳಲ್ಪಡಲಿಲ್ಲ. ವಾಗ್ದಾನ ನೆರವೇರಿದಾಗ ಅವನ ಬಾಯಿ ಸ್ತೋತ್ರಕ್ಕಾಗಿ ತೆರೆಯಿತು.

5. ಆ ಮೂರು ಪ್ರಶ್ನೆಗಳ ವಿಷಯ

ಮೊದಲು ಹೇಳಿದ ಪ್ರಶ್ನೆಗಳಿಗೆ ಏನು ಹೇಳೋಣ?

ತ್ರಯೈಕತ್ವವೆಂಬ ಮಾತು ಸತ್ಯವೇದದಲ್ಲಿ ಇಲ್ಲವೆಂದು ಸಂಕೋಚವಿಲ್ಲದೆ ಒಪ್ಪಿಕೊಳ್ಳೋಣ. ದೇವರು ಒಬ್ಬನೇ ಎಂದು ಕರ್ತನು ಹೇಳಿದನು (ಮಾರ್ಕ 12:29). ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಸ್ನಾನಮಾಡಿಸಿರಿ ಎಂದೂ ಆತನೇ ಹೇಳಿದನು (ಮತ್ತಾಯ 28:19). ಇವೆರಡನ್ನೂ ಬಿಡದೆ ಹಿಡಿಯುವದು ಹೇಗೆಂದು ಹಿಂದಿನ ಸಭಾಪಿತೃಗಳು ಬಹುಕಾಲ ಕೇಳಿ, ವಾದಿಸಿ, 325ರಲ್ಲಿ ನಿಕೇಯದಲ್ಲಿಯೂ 381ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿಯೂ ಕೂಡಿ ಮಾತುಗಳನ್ನು ಗೊತ್ತುಮಾಡಿದರು. ನಾವು ಅರಿಕೆಮಾಡುವ ಪ್ರಮಾಣವೇ ಪ್ರಶ್ನೆಗಳಿಂದ ಹುಟ್ಟಿತು.

ಅಜ್ಜನ ವಿಷಯ ಕೇಳಿದವನು ಆದಿಕಾಂಡ 18:25ನ್ನು ಓದಲಿ. ಸೊದೋಮಿಗಾಗಿ ಬೇಡುತ್ತಿದ್ದ ಅಬ್ರಹಾಮನು, ಲೋಕಕ್ಕೆಲ್ಲಾ ನ್ಯಾಯಾಧಿಪತಿಯಾದವನು ನ್ಯಾಯವನ್ನು ಮಾಡದಿರುವನೋ ಎಂದು ದೇವರನ್ನೇ ಕೇಳಿದನು. ನಮ್ಮ ಹಿರಿಯರನ್ನು ಆ ನ್ಯಾಯಾಧಿಪತಿಯ ಕೈಯಲ್ಲಿ ಬಿಡಬಹುದು. ನಮಗಿಂತ ಆತನು ಅವರನ್ನು ಹೆಚ್ಚು ಬಲ್ಲನು.

ಮಗುವನ್ನು ಕಳಕೊಂಡ ತಾಯಿಗೆ ಉತ್ತರ ಹೇಳಲು ಆತುರಪಡಬಾರದು. ನೀನು ಇಲ್ಲಿ ಇದ್ದಿದ್ದರೆ ತಮ್ಮನು ಸಾಯುತ್ತಿರಲಿಲ್ಲವೆಂದು ಮರಿಯಳು ಅತ್ತಾಗ, ಕರ್ತನು ಆಕೆಯ ನಂಬಿಕೆಯನ್ನು ತೂಗಿ ನೋಡಲಿಲ್ಲ. ಸಮಾಧಿ ಎಲ್ಲಿ ಎಂದು ಕೇಳಿ ಕಣ್ಣೀರು ಬಿಟ್ಟನು (ಯೋಹಾನ 11). ನಾವೂ ಆ ಮನೆಗೆ ಹೋಗಿ, ನೆಲದ ಮೇಲೆ ಅವಳ ಸಂಗಡ ಕೂತುಕೊಳ್ಳೋಣ.

6. ಕೇಳುವವರಿಗೂ ಉತ್ತರ ಕೊಡುವವರಿಗೂ ಬುದ್ಧಿಮಾತು

ಕೇಳುವವರೇ, ತಿಳಿಯಬೇಕೆಂದು ಕೇಳಿರಿ, ಸಿಕ್ಕಿಸಬೇಕೆಂದು ಕೇಳಬೇಡಿರಿ. ಕೇಳಿದ ಮೇಲೆ ಉತ್ತರಕ್ಕೋಸ್ಕರ ಓದಿರಿ, ಪ್ರಾರ್ಥಿಸಿರಿ, ಕಾದುಕೊಂಡಿರ್ರಿ. ಒಬ್ಬನು ಗದರಿಸಿದನೆಂದು ಸಭೆಯನ್ನು ಬಿಡಬೇಡಿರಿ. ಬೇರೊಬ್ಬ ಹಿರಿಯನ ಬಳಿಗೆ ಹೋಗಿರಿ. ಎಲ್ಲರೂ ಹೊರಗೆ ಹಾಕಿದರೂ ಹೊರಗೆ ನಿಮ್ಮನ್ನು ಹುಡುಕುವವನು ಒಬ್ಬನಿದ್ದಾನೆ.

ಉಪದೇಶಿಗಳೇ, ಸಭೆಯ ಹಿರಿಯರೇ, ಕಡೆಯ ವರೆಗೂ ಕೇಳಿ ಆಮೇಲೆ ಮಾತಾಡೋಣ. ಕೇಳಿದವನ ಕುಲವನ್ನೂ ಹಳೆಯ ನಡತೆಯನ್ನೂ ಎತ್ತಬಾರದು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಕೂಡಿ ಹುಡುಕೋಣ" ಎಂದು ಹೇಳುವದರಿಂದ ಯಾವ ಉಪದೇಶಿಯ ಗೌರವವೂ ಕಡಿಮೆಯಾಗುವದಿಲ್ಲ. ಹನ್ನೆರಡು ವರುಷದವನಾಗಿದ್ದ ನಮ್ಮ ಕರ್ತನು ಸಹ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆಗಳನ್ನು ಕೇಳುತ್ತಿದ್ದನೆಂಬದನ್ನು ಮರೆಯಬಾರದು (ಲೂಕ 2:46).

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೋಹಾನ 9ರಲ್ಲಿ ಯಾರು ಯಾರು ಪ್ರಶ್ನೆ ಕೇಳಿದರು? ತಿಳಿಯುವದಕ್ಕೆ ಕೇಳಿದವರು ಯಾರು?
2. ಆ ಮನುಷ್ಯನ ತಂದೆತಾಯಿಗಳು ಯಾತಕ್ಕೆ ಹೆದರಿದರು? ಅಂಥ ಭಯ ನಮ್ಮ ಸಭೆಯಲ್ಲಿ ಉಂಟೋ?
3. ಯೋಬನ ಸ್ನೇಹಿತರ ಮೇಲೆ ದೇವರು ಕೋಪಗೊಂಡದ್ದು ಯಾಕೆ?
4. ಪ್ರಶ್ನೆ ಕೇಳಿದ್ದಕ್ಕಾಗಿ ನೊಂದು ಆರಾಧನೆಗೆ ಬಾರದೆ ಇರುವವರು ನಮ್ಮ ಊರಲ್ಲಿ ಇದ್ದಾರೋ? ಈ ವಾರ ಅವರ ಮನೆಗೆ ಯಾರು ಹೋಗುವಿರಿ?