ಗ್ರ್ಯಾಂಡ್ ಕ್ಯಾನಿಯನ್ ಪ್ರವಾಸಕ್ಕೆ ಆರ್‌ವಿಯೋ, ಹೋಟೆಲೋ?

ಲಾಸ್ ವೇಗಸ್‌ನಿಂದ ಹೊರಟು ಝಯಾನ್, ಬ್ರೈಸ್ ಕ್ಯಾನಿಯನ್, ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ನೋಡಿಕೊಂಡು ವಾಪಸಾಗುವ ಸುತ್ತು ಸುಮಾರು 800 ಮೈಲಿ, ಅಂದರೆ 1,300 ಕಿಲೋಮೀಟರ್. ಊರಿಂದ ಅಪ್ಪ ಅಮ್ಮ ಬಂದಾಗ ಅಮೆರಿಕದ ಕನ್ನಡ ಮನೆಗಳಲ್ಲಿ ಈ ಪ್ರವಾಸದ ಮಾತು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇರುವ ಆರ್‌ವಿ ಗಾಡಿ ಬಾಡಿಗೆಗೆ ಹಿಡಿಯೋಣವೇ, ಕಾರಿನಲ್ಲಿ ಹೋಗಿ ಹೋಟೆಲಿನಲ್ಲಿ ಉಳಿಯೋಣವೇ?

ಬಾಡಿಗೆ ಲೆಕ್ಕ ಆಮೇಲೆ ಹಾಕಿ. ಈ ರಾಷ್ಟ್ರೀಯ ಉದ್ಯಾನಗಳೊಳಗೆ ಕ್ಯಾಂಪ್‌ಸೈಟ್ ಸಿಗುತ್ತದೆಯೇ ಎಂದು ಮೊದಲು ನೋಡಿ. ಆರ್‌ವಿಯಿಂದ ಸಿಗುವ ದೊಡ್ಡ ಲಾಭವೆಂದರೆ ಉದ್ಯಾನದೊಳಗಿನ ರಾತ್ರಿ. ಹಗಲಿನ ಜನ ಹೊರಟುಹೋದ ಮೇಲಿನ ಸಂಜೆ, ಬೆಳಕು ಹರಿಯುವ ಮುಂಚೆಯೇ ಕಣಿವೆಯ ಅಂಚಿಗೆ ಹೋಗಿ ನಿಲ್ಲುವ ಅವಕಾಶ, ಇವಕ್ಕಾಗಿ ಉಳಿದ ತೊಂದರೆಗಳನ್ನು ಸಹಿಸಬಹುದು. ಗ್ರ್ಯಾಂಡ್ ಕ್ಯಾನಿಯನ್‌ನ ಟ್ರೈಲರ್ ವಿಲೇಜ್‌ನಲ್ಲಿ ಕರೆಂಟು, ನೀರು, ಕೊಳಚೆ ಪೈಪು ಮೂರಕ್ಕೂ ಸಂಪರ್ಕವಿದೆ. ಅಲ್ಲೇ ಪಕ್ಕದ ಮ್ಯಾದರ್ ಕ್ಯಾಂಪ್‌ಗ್ರೌಂಡಿನಲ್ಲಿ ಒಂದೂ ಇಲ್ಲ; 30 ಅಡಿಗಿಂತ ಉದ್ದದ ವಾಹನಕ್ಕೆ ಜಾಗವೂ ಇಲ್ಲ. ಝಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಕೆಲವು ಸೈಟುಗಳಿಗೆ ಕರೆಂಟ್ ಇದೆ. ಮ್ಯಾದರ್, ವಾಚ್‌ಮನ್ ಎರಡಕ್ಕೂ ಬುಕಿಂಗ್ ಆರು ತಿಂಗಳ ಮುಂಚೆ ತೆರೆಯುತ್ತದೆ, ಬೇಸಿಗೆಯ ದಿನಗಳು ಬೇಗ ಮುಗಿದುಹೋಗುತ್ತವೆ. ಸೈಟು ಸಿಗದಿದ್ದರೆ ಹೆದ್ದಾರಿ ಬದಿಯ ಖಾಸಗಿ ಆರ್‌ವಿ ಪಾರ್ಕಿನಲ್ಲಿ ಮಲಗಿ, ದಿನವೂ ಆ ಉದ್ದದ ಗಾಡಿಯನ್ನೇ ಒಳಗೆ ತಂದು ಪಾರ್ಕಿಂಗ್ ಹುಡುಕಬೇಕು. ಹಾಗಾಗುವುದಾದರೆ ಹೋಟೆಲೇ ಮೇಲು.

ದಾರಿಯಲ್ಲಿ ಒಂದು ತೊಡಕಿದೆ. ಝಯಾನ್‌ನಿಂದ ಬ್ರೈಸ್‌ಗೆ ಹೋಗುವ ಹತ್ತಿರದ ರಸ್ತೆ 1930ರ ಸುರಂಗವೊಂದನ್ನು ಹಾದುಹೋಗುತ್ತದೆ. 1.1 ಮೈಲಿ ಉದ್ದದ ಆ ಸುರಂಗ ಅಂದಿನ ಸಣ್ಣ ಕಾರುಗಳಿಗೆ ಕೊರೆದದ್ದು. ಹಾಗಾಗಿ ವಾಹನದ ಎತ್ತರ, ಅಗಲ, ಉದ್ದಕ್ಕೆ ಮಿತಿಗಳಿವೆ. ಬಾಡಿಗೆ ಕಂಪನಿಯಿಂದ ಅಳತೆ ಕೇಳಿ ಪಡೆದು, ಉದ್ಯಾನದ ಇತ್ತೀಚಿನ ನಿಯಮದೊಂದಿಗೆ ತಾಳೆ ನೋಡಿ. ಮೀರಿದರೆ ಬಳಸುದಾರಿಯೇ ಗತಿ.

ಈಗ ಖರ್ಚು. 25ರಿಂದ 30 ಅಡಿಯ ಆರ್‌ವಿ ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ ಓಡುತ್ತದೆ. ಈ ಸುತ್ತಿಗೆ 80ರಿಂದ 100 ಗ್ಯಾಲನ್ ಬೇಕು. ಮಾಮೂಲಿ ಕಾರಿಗೆ 30ರ ಆಸುಪಾಸು ಸಾಕು. ದಿನದ ಬಾಡಿಗೆಯ ಮೇಲೆ ಮೈಲಿ ಲೆಕ್ಕ, ಜನರೇಟರ್ ಗಂಟೆ ಲೆಕ್ಕ, ಸೈಟಿನ ಬಾಡಿಗೆ ಸೇರುತ್ತವೆ. ಹೋಟೆಲಿಗಿಂತ ಅಗ್ಗವಾದೀತು ಎಂಬ ಭರವಸೆಯಲ್ಲಿ ಹೊರಡಬೇಡಿ.

ಅಡುಗೆಯ ವಿಷಯದಲ್ಲಿ ಮಾತ್ರ ಆರ್‌ವಿ ನಿಜವಾದ ನೆಮ್ಮದಿ. ಈ ಸಣ್ಣ ಊರುಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಕಡಿಮೆ. ಒಲೆ ಪ್ರೊಪೇನ್ ಗ್ಯಾಸಿನದು, ಕುಕ್ಕರ್ ಇಡಬಹುದು. ಆದರೆ ಕರೆಂಟ್ ಇಲ್ಲದ ಸೈಟಿನಲ್ಲಿ ಎಸಿ, ಮೈಕ್ರೋವೇವ್, ಮಿಕ್ಸಿಗೆ ಜನರೇಟರ್ ಬೇಕು, ಅದನ್ನು ಹಾಕಲು ನಿಗದಿತ ಹೊತ್ತು ಮಾತ್ರ ಬಿಡುತ್ತಾರೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜು ಮನೆಯಿಂದಲೇ ಕಟ್ಟಿಕೊಳ್ಳಿ. ಪಾತ್ರೆ ಕಡಿಮೆ ಬಳಸಿ: ತೊಳೆದ ನೀರೆಲ್ಲ ಗಾಡಿಯಡಿಯ ಟ್ಯಾಂಕಿಗೇ ಇಳಿಯುತ್ತದೆ. ಕಕ್ಕಸಿನ ಟ್ಯಾಂಕನ್ನೂ ಡಂಪ್ ಸ್ಟೇಷನ್ನಿನಲ್ಲಿ ನೀವೇ ಪೈಪು ಜೋಡಿಸಿ ಖಾಲಿ ಮಾಡಬೇಕು. ಆ ಕೆಲಸ ಯಾರದು ಎಂದು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ.

ಹಿರಿಯರಿಗೆ ರಾತ್ರಿ ಹಾಸಿಗೆಯಿಂದ ನಾಲ್ಕು ಹೆಜ್ಜೆಗೆ ಶೌಚಾಲಯ ಇರುವುದು ದೊಡ್ಡ ಅನುಕೂಲ. ಡ್ರೈವರ್ ತಲೆಮೇಲಿನ ಹಾಸಿಗೆಗೆ ಏಣಿ ಹತ್ತಬೇಕು. ಅದು ಮಕ್ಕಳಿಗಿರಲಿ, ಅಜ್ಜಿ ತಾತನಿಗೆ ಹಿಂದಿನ ಹಾಸಿಗೆ ಕೊಡಿ. ಗಾಡಿ ಓಡುವಾಗ ಮಾತ್ರ ಅವರು ಮಲಗಿಕೊಂಡು ಬರುವಂತಿಲ್ಲ, ಎಲ್ಲರೂ ಬೆಲ್ಟ್ ಹಾಕಿ ಕೂರಲೇಬೇಕು. ಮಗುವಿನ ಸೀಟು ಕಟ್ಟಲು ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ ಆಸನ ಇದೆಯೇ ಎಂದೂ ವಿಚಾರಿಸಿ. ಬೆಚ್ಚನೆಯ ಬಟ್ಟೆಯೂ ಇರಲಿ: ಬ್ರೈಸ್‌ನ ಅಂಚು 8,000 ಅಡಿಗೂ ಎತ್ತರ, ಜೂನ್‌ನಲ್ಲೂ ರಾತ್ರಿ ಕೊರೆಯುತ್ತದೆ.

ಒಂದೊಂದು ಕಡೆ ಎರಡು ಮೂರು ರಾತ್ರಿ ಉಳಿಯುವವರಿಗೆ, ದೊಡ್ಡ ಗಾಡಿ ಓಡಿಸಲು ಇಬ್ಬರು ಇದ್ದವರಿಗೆ, ಸೈಟು ಕೈಯಲ್ಲಿದ್ದವರಿಗೆ ಆರ್‌ವಿ ಒಪ್ಪುತ್ತದೆ. ದಿನಕ್ಕೊಂದು ಊರು ಎನ್ನುವವರು ಕಾರಿನಲ್ಲಿ ಹೋಗಿ. ಝಯಾನ್‌ಗೆ ಸ್ಪ್ರಿಂಗ್‌ಡೇಲ್, ಗ್ರ್ಯಾಂಡ್ ಕ್ಯಾನಿಯನ್‌ಗೆ ಟುಸಯಾನ್ ಬಾಗಿಲಲ್ಲೇ ಇರುವ ಊರುಗಳು. ಅಡುಗೆಮನೆ ಇರುವ ಕೋಣೆಯನ್ನೇ ಹುಡುಕಿ, ರದ್ದು ಮಾಡಿದರೆ ಹಣ ವಾಪಸ್ ಬರುವ ದರದಲ್ಲಿ ಕಾದಿರಿಸಿ. ಸೈಟು ಕೊನೆಗಳಿಗೆಯಲ್ಲಿ ಸಿಕ್ಕರೆ ಆಗ ಯೋಜನೆ ಬದಲಿಸಬಹುದು.