ಪಥ್ಯ ಮತ್ತು ಪರ್ವ

‘ಪಥ್ಯ’ವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ರೋಗಿಯ ಗಂಜಿ. ಪದದ ಮೂಲಾರ್ಥ ಅಷ್ಟು ಸಂಕುಚಿತವಲ್ಲ. ‘ಪಥ’ವೆಂದರೆ ದಾರಿ; ದಾರಿಯಿಂದ ತೊಲಗದುದು ಪಥ್ಯ. ಚರಕಸಂಹಿತೆಯೂ ಈ ನಿರ್ವಚನವನ್ನೇ ಕೊಡುತ್ತದೆ. ಹಾಗಾದರೆ ವರ್ಷದಲ್ಲಿ ಕೆಲವು ದಿನ ಹೋಳಿಗೆ, ತುಪ್ಪ, ಭಜಿಗಳನ್ನು ಮನದಣಿಯೆ ಉಣ್ಣುವವನು ದಾರಿ ತಪ್ಪಿದವನೇ? ಇದಕ್ಕೆ ಉತ್ತರವು ‘ಹಬ್ಬ’ ಎಂಬ ಇನ್ನೊಂದು ಪದದಲ್ಲಿದೆ.

ಸಂಸ್ಕೃತದ ‘ಪರ್ವ’ವು ಹಳಗನ್ನಡದಲ್ಲಿ ‘ಪಬ್ಬ’ವಾಗಿ, ಪಕಾರಕ್ಕೆ ಹಕಾರ ಬಂದು ‘ಹಬ್ಬ’ವಾಯಿತು. ಕಬ್ಬಿನ ಗೆಣ್ಣಿಗೂ ಪರ್ವವೆಂದೇ ಹೆಸರು. ಗೆಣ್ಣಿಲ್ಲದ ಕಬ್ಬು ನೆಟ್ಟಗೆ ನಿಲ್ಲದು. ಬರಿಯ ಗೆಣ್ಣೇ ಆದ ಕಬ್ಬಿನಲ್ಲಿ ರಸವಿರದು. ವರ್ಷದ ದಿನಗಳಿಗೂ ಇದೇ ನ್ಯಾಯ.

ಮಸರಕಲ್ಲಿನ ಸುತ್ತಲಿನ ನಮ್ಮ ಹಿರಿಯರು ಈ ನ್ಯಾಯವನ್ನು ಓದಿ ಅರಿತವರಲ್ಲ, ಬಾಳಿ ಅರಿತವರು. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಗುರೆಳ್ಳಿನ ಚಟ್ನಿ, ಮಜ್ಜಿಗೆ, ಇವು ನಿತ್ಯದ ಊಟ. ಯುಗಾದಿಗೆ ಹೋಳಿಗೆ, ನಾಗರಪಂಚಮಿಗೆ ಉಂಡಿ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಸಜ್ಜೆರೊಟ್ಟಿ, ಕಡುಬು. ಶಿವರಾತ್ರಿಯ ಉಪವಾಸವೂ ಅದೇ ಪಂಚಾಂಗದಲ್ಲಿತ್ತು. ಹೀಗೆ ಸವಿಯೂಟಕ್ಕೆ ತಿಥಿಯೇ ಎಲ್ಲೆಯಾಗಿತ್ತು. ಮರುದಿನ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ನಿತ್ಯದ ಆ ರೊಟ್ಟಿ ಬಡತನದ ಗುರುತೆಂಬ ಭಾವನೆ ಸಲ್ಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು ಸುಮಾರು 8 ಗ್ರಾಂ, ನಾರು 3 ಗ್ರಾಂ ಮಾತ್ರ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳಿಗೆ ಮೀಸಲಿಟ್ಟಾಗ ಜೋಳವೂ ಆ ಗೌರವಕ್ಕೆ ಪಾತ್ರವಾಯಿತು.

ಒಂದು ದಿನದ ಸವಿಯೂಟವು ದೇಹಕ್ಕೆ ಕೇಡಾಗದೇ? ಚರಕನ ಮಾತು ಇಲ್ಲಿ ದಾರಿದೀಪ. ಪರಸ್ಪರ ಹೊಂದದ ಆಹಾರವೂ ಸ್ವಲ್ಪವಾಗಿದ್ದಲ್ಲಿ, ಉಣ್ಣುವವನು ತರುಣನೂ ಜಠರಾಗ್ನಿ ಬಲವುಳ್ಳವನೂ ವ್ಯಾಯಾಮಶೀಲನೂ ಆಗಿದ್ದಲ್ಲಿ, ಕೇಡು ಮಾಡಲಾರದೆಂದು ಆತ ಹೇಳುತ್ತಾನೆ. ಅಂದರೆ ಹಬ್ಬದ ಊಟವನ್ನು ಅರಗಿಸುವುದು ಉಳಿದ ದಿನಗಳ ದುಡಿಮೆ. ಕಾಯಕವಂತನ ಹೋಳಿಗೆಯೂ ಕುಳಿತುಣ್ಣುವವನ ಹೋಳಿಗೆಯೂ ಒಂದೇ ಅಲ್ಲ. ಆ ದಿನವೂ ಅಳತೆ ಬೇಕು: ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಗಾಳಿಗೆ ಎಂಬುದು ವಾಗ್ಭಟನ ಅಷ್ಟಾಂಗಹೃದಯದ ಕಟ್ಟಳೆ. ಸಕ್ಕರೆ ಕಾಯಿಲೆಯುಳ್ಳವರು ಮಾತ್ರ ಹಬ್ಬದ ದಿನವೂ ವೈದ್ಯರ ಮಾತನ್ನು ಮೀರಬಾರದು.

ಇಂದಿನ ತೊಡಕು ಬೇರೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನ್ವಿ, ಸಿಂಧನೂರು ಭಾಗಗಳಲ್ಲಿ ಭತ್ತ ಹಬ್ಬಿತು; ಅನ್ನ ನಿತ್ಯದ ಊಟವಾಯಿತು. ಅಂಗಡಿಯ ಸಿಹಿ, ಕರಿದ ತಿಂಡಿ, ಬಾಟಲಿಯ ಪಾನೀಯಗಳಿಗೆ ತಿಥಿವಾರಗಳ ಹಂಗಿಲ್ಲ. ದಿನವೂ ಹಬ್ಬವಾದಾಗ ನಾವು ಕಳೆದುಕೊಳ್ಳುವುದು ಪಥ್ಯವನ್ನಷ್ಟೇ ಅಲ್ಲ, ಹಬ್ಬವನ್ನೂ ಕೂಡ. ನಿತ್ಯ ಲಡ್ಡು ತಿನ್ನುವ ಬಾಲಕನಿಗೆ ಪಂಚಮಿಯ ಉಂಡಿಯಲ್ಲಿ ಯಾವ ಸೊಗಸು?

ಹಬ್ಬದೂಟಕ್ಕೆ ಇನ್ನೊಂದು ಲಕ್ಷಣವುಂಟು. ಅದು ಹಂಚಿ ಉಣ್ಣುವಂಥದು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಗಳ ಭಕ್ತರು ತಮ್ಮ ಮನೆಗಳಲ್ಲಿ ಬಡಿದ ಜೋಳದ ರೊಟ್ಟಿಗಳನ್ನು ಹೊತ್ತು ತರುತ್ತಾರೆ. ಅಲ್ಲಿ ಮಾದಲಿಯ ಮಗ್ಗುಲಲ್ಲೇ ರೊಟ್ಟಿಯೂ ಪ್ರಸಾದವಾಗುತ್ತದೆ. ಪರ್ವವೂ ಪಥ್ಯವೂ ಒಂದೇ ಪಂಕ್ತಿಯಲ್ಲಿ ಕುಳಿತ ಉದಾಹರಣೆ ಇದಕ್ಕಿಂತ ಬೇರೆ ಬೇಕೆ?

ಈ ದೃಷ್ಟಿಯಿಂದ ದಾನಿಗಳಲ್ಲಿ ಒಂದು ವಿಜ್ಞಾಪನೆ. ಮಕ್ಕಳ ಹುಟ್ಟುಹಬ್ಬ, ಹಿರಿಯರ ಸ್ಮರಣೆಗಳ ನಿಮಿತ್ತ ಪ್ರಸಾದನಿಲಯಗಳಿಗೆ ಸಿಹಿಯೂಟ ನೀಡುವುದು ಪುಣ್ಯದ ಕೆಲಸವೇ ಸರಿ. ಆದರೆ ದಾನಿಗಳು ನೂರಾದಾಗ ಸಿಹಿಯೂಟವೂ ನೂರಾಗುತ್ತದೆ. ಸಿಹಿಯನ್ನು ಪಂಚಾಂಗದ ಹಬ್ಬಗಳಿಗೆ ಬಿಟ್ಟು, ತಮ್ಮ ಹೆಸರಿನ ದಿನದಂದು ಜೋಳ, ಬೇಳೆ, ಸೊಪ್ಪು, ಹಾಲು, ಹಣ್ಣುಗಳನ್ನು ಅರ್ಪಿಸಿದರೆ ದಾಸೋಹವು ಮಕ್ಕಳ ಮೈಗೆ ಹತ್ತುತ್ತದೆ. ಶಿಕ್ಷಕರಾದ ನಾವು ಹಬ್ಬದ ಮರುದಿನ ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು ರೊಟ್ಟಿ ಮುರಿಯೋಣ. ಪಥ್ಯದ ಪಾಠ ಕರಿಹಲಗೆಗಿಂತ ತಟ್ಟೆಯಲ್ಲಿ ಬೇಗ ತಿಳಿಯುತ್ತದೆ.